ಓದುಗರ ಪ್ರಶ್ನೆ: ಆಸ್ಪತ್ರೆಗೆ ಮಷೀನ್ ಬಂತು, ನಡೆಸೋರು ಯಾರು?

ಪ್ರಶ್ನೆ: ನಮ್ಮ ತಾಲೂಕು ಆಸ್ಪತ್ರೆಗೆ ಸ್ಕ್ಯಾನಿಂಗ್ ಮಷೀನ್ ಬಂದು ವರ್ಷ ಆಗ್ತಾ ಬಂತು ಸರ್, ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗ್ದಿಲ್ಲ. ಬಸುರಿ ಹೆಣ್ಮಕ್ಳು ಹೊರಗಡೆ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸ್ತಿದಾರೆ. ಕೇಳಿದ್ರೆ ‘ಮೇಲಿಂದ ಆರ್ಡರ್ ಬರ್ಬೇಕು’ ಅಂತಾರೆ. ಯಾವ ಆರ್ಡರ್ ಅದು?
(ಹೆಸರು, ಊರು ಹಾಕ್ಬೇಡಿ ಅಂದಿದಾರೆ)

ಉತ್ತರ: ಅವರು ಹೇಳಿದ್ರಲ್ಲಿ ಅರ್ಧ ನಿಜ ಇರಬಹುದು. ಸ್ಕ್ಯಾನಿಂಗ್ ಮಷೀನ್ನ ಸುಮ್ನೆ ಪ್ಲಗ್ ಹಾಕಿ ಶುರು ಮಾಡೋ ಹಾಗಿಲ್ಲ, ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಮೊದಲು ನೋಂದಣಿ ಆಗ್ಬೇಕು, ಸ್ಕ್ಯಾನ್ ಮಾಡೋ ಡಾಕ್ಟರಿಗೆ ತಕ್ಕ ಅರ್ಹತೆ ಇರ್ಬೇಕು, ಸರ್ಕಾರಿ ಆಸ್ಪತ್ರೆ ಅಂತ ವಿನಾಯಿತಿ ಏನೂ ಇಲ್ಲ. ಎಕ್ಸ್‌ರೇ ಆದ್ರೆ ಅಣುಶಕ್ತಿ ನಿಯಂತ್ರಣ ಮಂಡಳಿ ಲೈಸೆನ್ಸು, ಕಿರಣ ಆಚೆ ಹೋಗದ ಹಾಗೆ ದಪ್ಪ ಗೋಡೆ, ಟೆಕ್ನೀಷಿಯನ್ನು. ಸರಿ, ಆದ್ರೆ ಇದೆಲ್ಲ ಮಷೀನ್ ಲಾರಿಯಿಂದ ಇಳಿಯೋಕೆ ಮುಂಚೆ ಆಗ್ಬೇಕಿತ್ತಲ್ವಾ? ಖರೀದಿದು ಒಂದು ಫೈಲು, ರೂಮಿಂದು ಇನ್ನೊಂದು, ರೇಡಿಯಾಲಜಿಸ್ಟ್ (ಸ್ಕ್ಯಾನ್, ಎಕ್ಸ್‌ರೇ ನೋಡೋ ತಜ್ಞ ಡಾಕ್ಟರ್) ಹುದ್ದೆದು ಮೂರನೇದು, ಒಂದಕ್ಕೊಂದು ಮುಖ ನೋಡಲ್ಲ. ಬೋರ್ ಕೊರೆಸಿ ಮೋಟರ್ ಇಳಿಸದೆ ಬಿಟ್ಟ ಹಾಗೆ.

ಇನ್ನು ಓಡ್ತಿದ್ದ ಮಷೀನ್ ಕೆಟ್ರಂತೂ ಕೇಳೋದೇ ಬೇಡ. ಕೇಂದ್ರ ಆರೋಗ್ಯ ಇಲಾಖೆನೇ ಹಿಂದೆ ರಾಜ್ಯಗಳಲ್ಲಿ ಲೆಕ್ಕ ಹಾಕಿಸಿದಾಗ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳಲ್ಲಿ ರಾಜ್ಯಕ್ಕೆ ತಕ್ಕ ಹಾಗೆ ಶೇ. 13ರಿಂದ 34ರಷ್ಟು ಕೆಟ್ಟು ಕೂತಿದ್ವು. ಅದಕ್ಕೇ 2015ರಲ್ಲಿ ನಿರ್ವಹಣೆಗೆ ಅಂತಲೇ ಪ್ರತ್ಯೇಕ ಯೋಜನೆ ತಂದ್ರು, ಜಿಲ್ಲಾ ಆಸ್ಪತ್ರೆಲಿ ಉಪಕರಣ ಶೇ. 95ರಷ್ಟು ಹೊತ್ತು, ಪಿಎಚ್‌ಸಿಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಶೇ. 80ರಷ್ಟು ಹೊತ್ತು ಓಡ್ತಿರ್ಬೇಕು ಅಂತ ಗುರಿ. ಮಷೀನ್ ಉದ್ಘಾಟನೆಗೆ ರಿಬ್ಬನ್ ಇದೆ ಫೋಟೋ ಇದೆ, ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ರಿನ್ಯೂ ಮಾಡಿದ್ದಕ್ಕೆ ಯಾರೂ ಹಾರ ಹಾಕಲ್ಲ ನೋಡಿ.

ನೀವು ಮಾಡಬಹುದಾದ್ದು: 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಆರ್‌ಟಿಐ ಹಾಕಿ. ಮಷೀನ್ ಬಂದ ತಾರೀಕು, ವಾರಂಟಿ ಮುಗಿಯೋ ತಾರೀಕು, ನೋಂದಣಿ ಆಗಿದ್ಯಾ, ರೇಡಿಯಾಲಜಿಸ್ಟ್ ಹುದ್ದೆ ಭರ್ತಿ ಇದ್ಯಾ, ಇಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ 150 ಪದ, ಒಂದೇ ವಿಷಯ, ಕಥೆ ಬರೆದ್ರೆ ವಾಪಸ್ ಬರತ್ತೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಪ್ಲಾಸ್ಟಿಕ್ ಕವರ್ ಒಳಗೇ ವಾರಂಟಿ ಮುಗಿದು ಹೋಗೋ ಭಯ ತೋರಿಸಿದ್ರೆ ಫೈಲು ಸ್ವಲ್ಪ ಅಲ್ಲಾಡತ್ತೆ.

ಪ್ರಶ್ನೆ: ಮಗ ಇಂಗ್ಲೆಂಡಲ್ಲಿದಾನೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಲಿ ಎಲ್ಲಾ ಕಂಪ್ಯೂಟರಲ್ಲೇ ಅಂತೆ. ನಮ್ಮೋರೂ ಧೈರ್ಯವಾಗಿ ದುಡ್ಡು ಸುರಿದ್ರೆ ಹಾಗೇ ಆಗಲ್ವಾ?
(ನಿವೃತ್ತ ಮೇಷ್ಟ್ರು, ಹಾಸನ ಜಿಲ್ಲೆ)

ಉತ್ತರ: ಮೇಷ್ಟ್ರೇ, ಸುರಿದು ನೋಡಿದೋರೇ ಅವರು. 2002ರಲ್ಲಿ ಇಂಗ್ಲೆಂಡಿನ ಎಲ್ಲಾ ರೋಗಿಗಳ ದಾಖಲೆ ಕಂಪ್ಯೂಟರಿಗೆ ತರ್ತೀವಿ ಅಂತ ದೊಡ್ಡ ಯೋಜನೆ ಶುರು ಮಾಡಿ ದೇಶನ ಐದು ಭಾಗ ಮಾಡಿ ನಾಲ್ಕು ಕಂಪನಿಗೆ ಗುತ್ತಿಗೆ ಕೊಟ್ರು, ಎರಡು ಕಂಪನಿ ಮಧ್ಯದಲ್ಲೇ ಆಚೆ ಹೋದ್ವು, 2011ರಲ್ಲಿ ಯೋಜನೆನೇ ಬರ್ಖಾಸ್ತು. 2013ರಲ್ಲಿ ಅವರ ಸಂಸತ್ ಸಮಿತಿ ಮುಂದೆ ಬಂದ ಖರ್ಚಿನ ಅಂದಾಜು ಸುಮಾರು 980 ಕೋಟಿ ಪೌಂಡ್. ಆಮೇಲೆ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋ ಕಂಪ್ಯೂಟರ್ ವೈರಸ್ ಬಂದಾಗ ಸುಮಾರು 19,000 ಅಪಾಯಿಂಟ್‌ಮೆಂಟ್ ರದ್ದಾದ್ವು, ಅಪ್‌ಡೇಟ್ ಮಾಡದೆ ಬಿಟ್ಟಿದ್ದ ವಿಂಡೋಸ್ ಕಂಪ್ಯೂಟರುಗಳಿಂದ. 2018ರಲ್ಲಿ ಎಣಿಸಿದಾಗ ಆಸ್ಪತ್ರೆಗಳಲ್ಲಿ ಇನ್ನೂ 8,000ಕ್ಕಿಂತ ಹೆಚ್ಚು ಫ್ಯಾಕ್ಸ್ ಮಷೀನ್! ಹೊಸದು ಕೊಳ್ಳಂಗಿಲ್ಲ ಅಂತ ಸಚಿವರೇ ಆದೇಶ ಹೊರಡಿಸ್ಬೇಕಾಯ್ತು.

2002ರ ಆ ಯೋಜನೆಲಿ ಒಂದು ಮಾತ್ರ ಚೆನ್ನಾಗಿ ಗೆದ್ದಿತು, ಎಕ್ಸ್‌ರೇ ಫಿಲಂ ಬದ್ಲು ಸ್ಕ್ರೀನಲ್ಲೇ ನೋಡೋ ವ್ಯವಸ್ಥೆ. ಯಾಕಂದ್ರೆ ಅದನ್ನ ಡಾಕ್ಟರುಗಳೇ ಬೇಕು ಅಂತಿದ್ರು, ಫಿಲಂ ಹುಡುಕೋ ತಾಪತ್ರಯ ತಪ್ತು. ಉಳಿದಿದ್ದು ಮೇಲಿಂದ ಹೇರಿದ್ದು, ಬಳಸೋರನ್ನ ಸರಿಯಾಗಿ ಕೇಳಲೇ ಇಲ್ಲ.

ರೋಗಿಗಳ ದಾಖಲೆ ಕಂಪ್ಯೂಟರಿಗೆ ತರೋ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು ಐದು ವರ್ಷಕ್ಕೆ 1,600 ಕೋಟಿ ರೂಪಾಯಿ, ಅವರ ಮುಂದೆ ಚಿಲ್ಲರೆ. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ, ಡೇಟಾ ಏರಿಸೋ ಕೆಲಸ ಯಾರ ತಲೆ ಮೇಲೆ ಅನ್ನೋದು. 2025ರ ಜನವರಿಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಧರಣಿ ಕೂತ್ರಲ್ಲ, ಅವರ ದೂರುಗಳಲ್ಲಿ ತಾಯಿ-ಮಗುವಿನ ಆರೋಗ್ಯದ ಲೆಕ್ಕ ಏರಿಸೋ ಆರ್‌ಸಿಎಚ್ ಪೋರ್ಟಲ್ಲೂ ಒಂದು. ಮನೆಮನೆ ಸುತ್ತಿ ಕೆಲಸ ಮಾಡಿದ್ರೂ ಪೋರ್ಟಲಲ್ಲಿ ಏರದೆ ಹೋದ್ರೆ ಪ್ರೋತ್ಸಾಹಧನ ಖೋತಾ. ಡೇಟಾ ಎಂಟ್ರಿಗೆ ಒಬ್ಬ ಆಪರೇಟರ್ ಸಂಬಳ ಉಳಿಸಿ ಇದನ್ನ ಆಧುನೀಕರಣ ಅನ್ನೋದು ನಂಗೆ ಒಪ್ಪಿಗೆ ಇಲ್ಲ.

ಪ್ರಶ್ನೆ: ಓಪಿಡಿ ಚೀಟಿ ಮಾಡಿಸುವಾಗ ನಮ್ಮ ಅತ್ತೆಗೆ ಆಭಾ ಕಾರ್ಡ್ ಮಾಡ್ಕೊಟ್ರು. ಇನ್ನು ಆಪರೇಷನ್ ಫ್ರೀ ತಾನೇ?
(ಗೃಹಿಣಿ, ರಾಯಚೂರು ಜಿಲ್ಲೆ)

ಉತ್ತರ: ಅಲ್ಲಮ್ಮ, ಬಹಳ ಜನ ಇಲ್ಲೇ ಎಡವ್ತಾರೆ. ಆಭಾ ಅಂದ್ರೆ 14 ಅಂಕಿಯ ಆರೋಗ್ಯ ದಾಖಲೆ ನಂಬರ್ ಅಷ್ಟೇ, ಕ್ಯೂಆರ್ ಸ್ಕ್ಯಾನ್ ಮಾಡಿ ಬೇಗ ಟೋಕನ್ ತಗೊಳ್ಳೋಕೆ, ರಿಪೋರ್ಟ್ ಫೋನಲ್ಲಿ ಇಟ್ಕೊಳ್ಳೋಕೆ ಬರತ್ತೆ. ಅದು ಕಡ್ಡಾಯನೂ ಅಲ್ಲ. ಆಪರೇಷನ್ ಖರ್ಚಿಗೆ ಬೇಕಾಗೋದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಸರ್ಕಾರ ಕೊಡತ್ತೆ, ಅದೂ ಒಂದೂವರೆ ಲಕ್ಷದೊಳಗೆ. ಅತ್ತೆಯವರ ಆಧಾರ್, ರೇಷನ್ ಕಾರ್ಡ್ ಹಿಡ್ಕೊಂಡು ಆಸ್ಪತ್ರೆಲಿ ಆರೋಗ್ಯ ಮಿತ್ರ ಅಂತ ಇರ್ತಾರೆ, ಅವರನ್ನ ಕೇಳಿ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾ ಅಂತಾನೂ ಅವರನ್ನೇ ಕೇಳ್ಕೊಳ್ಳಿ, ಅಡ್ಮಿಟ್ ಆದ್ಮೇಲೆ ಓಡಾಡೋದು ಕಷ್ಟ.