ಜರ್ಮನಿಯಲ್ಲಿ ಕಂಡಕ್ಟರ್ ಆಗಬೇಕಾ? ಮೊದಲು ಪಿಯಾನೋ ಮುಂದೆ ಕೂರಿ

ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಬೆಂಗಳೂರಿನಲ್ಲಿ ಪಿಯಾನೋ ಎಂಟನೇ ಗ್ರೇಡ್ ಮುಗಿಸಿದ್ದೀರಿ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತವೂ ಆಗಿದೆ. ಈಗ ಲೈಪ್‌ಜಿಗ್‌ಗೆ ಬಂದು ಜರ್ಮನ್ ಕಲಿಯುತ್ತಿದ್ದೀರಿ, ಮುಂದಿನ ವರ್ಷ ಕಂಡಕ್ಟಿಂಗ್, ಅಂದರೆ ವಾದ್ಯವೃಂದದ ಮುಂದೆ ನಿಂತು ಕೈಸನ್ನೆಯಿಂದ ಅದನ್ನು ನಡೆಸುವ ಕೋರ್ಸಿನ ಪ್ರವೇಶ ಪರೀಕ್ಷೆ ಕೊಡಬೇಕು ಅಂದುಕೊಂಡಿದ್ದೀರಿ. ಇದರಿಂದ ಹೊಟ್ಟೆ ತುಂಬುತ್ತಾ, ಭಾರತದವರನ್ನು ವಾದ್ಯವೃಂದದ ಮುಂದೆ ನಿಲ್ಲೋಕೆ ಬಿಡ್ತಾರಾ, ಇಲ್ಲಿನ ಬದುಕು ಹೇಗಿರುತ್ತೆ ಎಂದು ಕೇಳಿದ್ದೀರಿ. ನಾನು ಇಲ್ಲಿನ ಒಂದು ಮಧ್ಯಮ ಊರಿನ ಒಪೆರಾ ಹೌಸಿನಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರದಲ್ಲಿದ್ದೇನೆ. ಮೊದಲು ಗಾಯಕರಿಗೆ ಪಾಠ ಮಾಡಿಸುವ ಕೊರೆಪೆಟಿಟರ್ ಆಗಿದ್ದೆ, ಈಗ ಎರಡನೇ ಕಾಪೆಲ್‌ಮೈಸ್ಟರ್, ಅಂದರೆ ಆ ಹೌಸಿನ ಕಂಡಕ್ಟರ್ ಹುದ್ದೆಗಳಲ್ಲಿ ಒಂದು. ಹಾಗಾಗಿ ನಾನು ಹೇಳುವುದು ಈ ದಾರಿಯಲ್ಲಿ ನಡೆದು ಕಂಡದ್ದು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಕಂಡಕ್ಟರ್ ಕೆಲಸಕ್ಕೆ ದಾರಿ ಹೋಗುವುದು ಒಪೆರಾ ಹೌಸಿನ ರಿಹರ್ಸಲ್ ಕೋಣೆಯ ಪಿಯಾನೋ ಮೂಲಕ. ಸ್ಪರ್ಧೆ ಗೆದ್ದು ಒಂದೇ ರಾತ್ರಿಯಲ್ಲಿ ಹೆಸರಾದವರು ಇದ್ದಾರೆ, ನಿಜ. ಆದರೆ ಅದನ್ನು ನಂಬಿಕೊಂಡು ಬದುಕು ಕಟ್ಟಲು ಆಗುವುದಿಲ್ಲ. ಪಿಯಾನೋ ನಂಬಿ ಕಟ್ಟಬಹುದು.

ಅದಕ್ಕೆ ಕಾರಣ ಇಲ್ಲಿನ ಇತಿಹಾಸದಲ್ಲಿದೆ. ಜರ್ಮನಿ ಒಂದು ಕಾಲದಲ್ಲಿ ಹತ್ತಾರು ಚಿಕ್ಕ ಸಂಸ್ಥಾನಗಳ ಗುಂಪು. ಪ್ರತಿ ದೊರೆಗೂ ತನ್ನದೇ ರಂಗಮಂದಿರ ಬೇಕಿತ್ತು, ತನ್ನದೇ ವಾದ್ಯವೃಂದ ಬೇಕಿತ್ತು. ದೊರೆಗಳು ಹೋದರು, ಮಂದಿರಗಳು ಉಳಿದವು. ಈಗ ಅವುಗಳ ಖರ್ಚನ್ನು ನಗರ ಮತ್ತು ರಾಜ್ಯ ಸರ್ಕಾರಗಳು ಹೊರುತ್ತವೆ. ಹೀಗೆ ಸಾರ್ವಜನಿಕ ಹಣದಲ್ಲಿ ನಡೆಯುವ ವೃತ್ತಿಪರ ವಾದ್ಯವೃಂದಗಳು ಇಂದು ಸುಮಾರು 130. 1992ರಲ್ಲಿ 168 ಇದ್ದವು. ಎರಡೂ ಜರ್ಮನಿ ಒಂದಾದ ಮೇಲೆ ಪೂರ್ವ ಭಾಗದಲ್ಲಿ ಎಷ್ಟೋ ತಂಡಗಳನ್ನು ಒಂದರೊಳಗೊಂದು ಸೇರಿಸಿದರು, ಕೆಲವನ್ನು ಮುಚ್ಚಿದರು. ಅಷ್ಟಾದರೂ ಇಷ್ಟೊಂದು ಕೆಲಸ ಇರುವ ದೇಶ ಬೇರೆ ಎಲ್ಲೂ ಇಲ್ಲ.

ಇನ್ನು ಕೊರೆಪೆಟಿಟರ್ ಕೆಲಸ. ಒಪೆರಾದ ಇಡೀ ವಾದ್ಯವೃಂದದ ಸಂಗೀತವನ್ನು ಪಿಯಾನೋಗೆ ಇಳಿಸಿದ ಪುಸ್ತಕ ನಿಮ್ಮ ಮುಂದೆ ಇರುತ್ತೆ. ಗಾಯಕಿ ಪಕ್ಕದಲ್ಲಿ ನಿಂತಿರುತ್ತಾಳೆ. ನೀವು ನುಡಿಸಬೇಕು, ಅವಳ ಉಸಿರು ಎಲ್ಲಿ ಸಾಲುತ್ತಿಲ್ಲ ಅಂತ ಗಮನಿಸಬೇಕು, ಇಟಾಲಿಯನ್ ಉಚ್ಚಾರ ತಿದ್ದಬೇಕು, ಅಲ್ಲಿಲ್ಲದ ಉಳಿದ ಪಾತ್ರಗಳ ಸಾಲುಗಳನ್ನು ನೀವೇ ಹಾಡಬೇಕು. ದನಿ ಚೆನ್ನಾಗಿರಬೇಕಿಲ್ಲ, ಸಮಯಕ್ಕೆ ಸರಿಯಾಗಿ ಬಂದರೆ ಸಾಕು. ರಂಗದ ಮೇಲೆ ರಿಹರ್ಸಲ್ ನಡೆಯುವಾಗ ಕಂಡಕ್ಟರ್ ಕೈ ನೋಡಿಕೊಂಡು ನುಡಿಸಬೇಕು. ಈ ಕೆಲಸ ಮಾಡ್ತಾ ಮಾಡ್ತಾ ಒಂದು ಒಪೆರಾ ನಿಮ್ಮ ಬೆರಳಿಗೆ, ಕಿವಿಗೆ, ಉಸಿರಿಗೆ ಹತ್ತಿಬಿಡುತ್ತೆ. ಯಾವ ತರಗತಿಯೂ ಅಷ್ಟು ಕಲಿಸುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಈ ಕೆಲಸದ ಆಯ್ಕೆಯಲ್ಲಿ ಪದೇ ಪದೇ ಕೇಳುವ ಭಾಗಗಳಿವೆ. ಬಿಜೆಯ 'ಕಾರ್ಮೆನ್' ಒಪೆರಾದ ಐವರ ಹಾಡು, ಮೊಜಾರ್ಟ್‌ನ 'ಫಿಗರೊ' ಎರಡನೇ ಅಂಕದ ಕೊನೆ, ಪುಚ್ಚೀನಿಯ 'ಲಾ ಬೊಹೆಮ್', ರಿಚರ್ಡ್ ಸ್ಟ್ರೌಸ್‌ನ 'ಸಲೋಮೆ'ಯ ಐವರು ಯಹೂದಿಗಳ ಜಗಳ. ಇವುಗಳನ್ನು ಇವತ್ತಿನಿಂದಲೇ ಶುರು ಮಾಡಿ. ಎಂಟನೇ ಗ್ರೇಡ್ ಒಳ್ಳೆಯ ತಳಪಾಯ, ಆದರೆ ಅದು ತಳಪಾಯ ಮಾತ್ರ. ಪ್ರವೇಶ ಪರೀಕ್ಷೆಯಲ್ಲೇ ಪಿಯಾನೋ, ಸ್ವರ ಗುರುತಿಸುವ ಕಿವಿ, ಇಡೀ ವಾದ್ಯವೃಂದದ ಪುಸ್ತಕವನ್ನು ನೋಡಿದ ಕೂಡಲೇ ಪಿಯಾನೋದಲ್ಲಿ ನುಡಿಸುವುದು, ಎಲ್ಲವನ್ನೂ ಗಟ್ಟಿಯಾಗಿ ನೋಡುತ್ತಾರೆ. ಒಂದೊಂದು ಶಾಲೆಯಲ್ಲಿ ವರ್ಷಕ್ಕೆ ಸಿಗುವ ಸೀಟು ಬೆರಳೆಣಿಕೆ. ಆದ್ದರಿಂದ ಒಂದೇ ಶಾಲೆಗೆ ಅರ್ಜಿ ಹಾಕಿ ಕೂರಬೇಡಿ. ಲೈಪ್‌ಜಿಗ್ ಜೊತೆಗೆ ವೈಮಾರ್, ಡ್ರೆಸ್ಡೆನ್, ಬರ್ಲಿನ್ ಎಲ್ಲಕ್ಕೂ ಹಾಕಿ. ವೈಮಾರ್ ನನಗೆ ವಿಶೇಷ ಇಷ್ಟ. ಅಲ್ಲಿನ ವಿದ್ಯಾರ್ಥಿಗಳಿಗೆ ಪಕ್ಕದ ಯೇನಾ ಊರಿನ ವೃತ್ತಿಪರ ವಾದ್ಯವೃಂದದ ಮುಂದೆ ನಿಲ್ಲುವ ಅವಕಾಶ ಸಿಗುತ್ತೆ. ಉಳಿದಂತೆ ತರಗತಿಯಲ್ಲಿ ಜಾಸ್ತಿ ಹೊತ್ತು ನೀವು ಕೈಯಾಡಿಸಿ ಕಂಡಕ್ಟ್ ಮಾಡುವುದು ವಾದ್ಯವೃಂದದ ಬದಲು ಎರಡು ಪಿಯಾನೋ ನುಡಿಸುವವರ ಮುಂದೆ.

ಎಲ್ಲರೂ ನಿಮಗೆ ಕಂಡಕ್ಟರ್ ಝುಬಿನ್ ಮೆಹ್ತಾ ಉದಾಹರಣೆ ಕೊಟ್ಟಿರುತ್ತಾರೆ. ಮುಂಬೈಯಲ್ಲಿ ಹುಟ್ಟಿ, 1954ರಲ್ಲಿ ಹದಿನೆಂಟನೇ ವಯಸ್ಸಿಗೆ ವಿಯೆನ್ನಾಗೆ ಹೋದರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದರು. ಮೂವತ್ತು ತುಂಬುವ ಮೊದಲೇ ಮಾಂಟ್ರಿಯಲ್, ಲಾಸ್ ಏಂಜಲಿಸ್ ಎರಡೂ ವಾದ್ಯವೃಂದ ಅವರ ಕೈಯಲ್ಲಿದ್ದವು. ಹೆಮ್ಮೆ ಪಡೋಣ. ಆದರೆ ಅವರ ತಂದೆ ಮೆಹ್ಲಿ ಮೆಹ್ತಾ ಬಾಂಬೆ ಸಿಂಫನಿಯನ್ನೇ ಕಟ್ಟಿದವರು, ಮನೆಯ ತುಂಬಾ ಅದೇ ಸಂಗೀತ ಎಂಬುದನ್ನು ಮರೆಯಬಾರದು. ವಿಯೆನ್ನಾದಲ್ಲಿ ಝುಬಿನ್ ಡಬಲ್ ಬಾಸ್ ಎಂಬ ತಗ್ಗು ದನಿಯ ದೊಡ್ಡ ತಂತಿವಾದ್ಯ ಕೂಡ ಕಲಿತರು. ವಾದ್ಯವೃಂದದ ಒಳಗೆ ಕೂತು ಮುಂದೆ ನಿಂತವನನ್ನು ನೋಡಿದರು. ಅದನ್ನು ನೀವೂ ಮಾಡಬಹುದು. ವಿದ್ಯಾರ್ಥಿ ತಂಡಗಳಲ್ಲಿ ತಾಳವಾದ್ಯಕ್ಕೋ, ಪಿಯಾನೋದಂತೆ ನುಡಿಸುವ ಚೆಲೆಸ್ಟಾಗೋ ಜನ ಬೇಕಾಗಿರುತ್ತಾರೆ, ಕೇಳಿ ನೋಡಿ.

ನಾನು ಹೊಸಬರಿಗೆ ಯಾವಾಗಲೂ ಹೇಳುವುದು ಕಂಡಕ್ಟರ್ ಕಿರಿಲ್ ಪೆಟ್ರೆಂಕೋ ಬಗ್ಗೆ. ಸೈಬೀರಿಯಾದ ಓಮ್ಸ್ಕ್‌ನಲ್ಲಿ ಹುಟ್ಟಿ, ಹದಿನೆಂಟರ ವಯಸ್ಸಿಗೆ ಆಸ್ಟ್ರಿಯಾಕ್ಕೆ ಬಂದು ನೆಲೆಸಿದವರು. ಅಂದರೆ ನಮ್ಮಂತೆ ವಲಸಿಗರೇ. 1999ರಲ್ಲಿ ಅವರಿಗೆ ಮೈನಿಂಗನ್ ರಂಗಮಂದಿರದ ಸಂಗೀತದ ಹೊಣೆ ಸಿಕ್ಕಿತು. ಇಪ್ಪತ್ತೈದು ಸಾವಿರ ಜನರ ಆಸುಪಾಸಿನ ಊರು ಅದು. ಅಲ್ಲಿ 2001ರಲ್ಲಿ ವಾಗ್ನರ್‌ನ 'ರಿಂಗ್' ಒಪೆರಾ ನಾಲ್ಕನ್ನೂ ನಾಲ್ಕು ದಿನ ಸಾಲಾಗಿ ನಡೆಸಿದರು. ಕೇಳಲು ದೂರದೂರದಿಂದ ಜನ ಬಂದರು. 2015ರಲ್ಲಿ ಹೆಸರಾಂತ ವಾದ್ಯವೃಂದ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಕಲಾವಿದರು ತಾವೇ ಮತ ಹಾಕಿ ಅವರನ್ನು ಮುಖ್ಯ ಕಂಡಕ್ಟರ್ ಆಗಿ ಆರಿಸಿದರು, 2019ರಲ್ಲಿ ಪೆಟ್ರೆಂಕೋ ಅಧಿಕಾರ ವಹಿಸಿಕೊಂಡರು. ಇದೇ ಮೈನಿಂಗನ್‌ನಲ್ಲಿ 1885ರಲ್ಲಿ ಇಪ್ಪತ್ತೊಂದರ ಹುಡುಗ ರಿಚರ್ಡ್ ಸ್ಟ್ರೌಸ್ ಸಹಾಯಕನಾಗಿ ಸೇರಿದ್ದ. ಚಿಕ್ಕ ಊರು ಎಂದು ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೆಲವು ವರ್ಷ ಪಿಯಾನೋ ಮುಂದೆ ದುಡಿದ ಮೇಲೆ ಒಂದು ದಿನ ನಿಮಗೂ ಸಂಜೆಯ ಪ್ರದರ್ಶನ ಕೊಡುತ್ತಾರೆ. ಅದೂ ವಾದ್ಯವೃಂದದ ಜೊತೆ ಒಂದೂ ರಿಹರ್ಸಲ್ ಇಲ್ಲದೆ. ಇಲ್ಲಿ ಇದು ಸಾಮಾನ್ಯ. ಕಲಾವಿದರಿಗೆ ಸಂಗೀತ ಗೊತ್ತಿದೆ, ನಿಮಗೆ ಗೊತ್ತಿದೆಯಾ ಎನ್ನುವುದನ್ನು ಅವರು ಮೊದಲ ಕೆಲವು ನಿಮಿಷಗಳಲ್ಲೇ ತಿಳಿದುಕೊಳ್ಳುತ್ತಾರೆ. ಒಂದು ವಿಷಯ ಈಗಲೇ ಗೊತ್ತಿರಲಿ. ಜರ್ಮನ್ ತಂಡಗಳು ನಿಮ್ಮ ಕೈ ಕೆಳಗಿಳಿದ ಮೇಲೆ ಒಂದು ಕ್ಷಣ ಬಿಟ್ಟು ನುಡಿಸುತ್ತವೆ. ಆ ದನಿಗೆ ನೀವು ಕಾದರೆ ಅವರು ನಿಮಗೆ ಕಾಯುತ್ತಾರೆ, ವೇಗ ಕುಸಿಯುತ್ತಾ ಹೋಗುತ್ತೆ. ಕೈ ಮುಂದೆ ಹೋಗಬೇಕು, ಕಿವಿ ಹಿಂದೆ ಇರಬೇಕು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಈ ಕಸುಬಿನ ಬಹುಪಾಲು.

ಕರ್ನಾಟಕ ಸಂಗೀತ ಕಲಿತದ್ದು ವ್ಯರ್ಥವಾಯಿತಾ ಎಂಬ ಅನುಮಾನ ನಿಮ್ಮ ಪತ್ರದಲ್ಲಿ ಕಂಡಿತು. ಖಂಡಿತ ಇಲ್ಲ. ಖಂಡ, ಮಿಶ್ರ ನಡೆ ಮೈಗೆ ಹತ್ತಿದವರಿಗೆ ರಷ್ಯಾದ ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯ ಐದು, ಏಳರ ಲೆಕ್ಕ ಹೆದರಿಕೆ ಹುಟ್ಟಿಸುವುದಿಲ್ಲ. ನಮಗೆ ಕಷ್ಟವಾಗುವುದು ಬೇರೆ. ನಮ್ಮ ಕಿವಿ ಒಂದು ಎಳೆ ಹಿಡಿದು ಅದರ ಗಮಕದ ಒಳಕ್ಕೆ ಇಳಿಯುತ್ತೆ. ಇಲ್ಲಿ ಒಂದೇ ಹೊತ್ತಿಗೆ ಹತ್ತು ಎಳೆ ಕೇಳಬೇಕು, ಎರಡನೇ ಹಾರ್ನ್ (ಕೊಂಬಿನಂಥ ಊದುವ ವಾದ್ಯ) ಅರ್ಧ ಸ್ವರ ತಪ್ಪಿದರೆ ತಟ್ಟನೆ ಗೊತ್ತಾಗಬೇಕು. ಬಾಖ್‌ನ ನಾಲ್ಕು ದನಿಯ ಚರ್ಚ್ ಗೀತೆಗಳನ್ನು (ಕೊರಾಲ್) ತೆಗೆದುಕೊಳ್ಳಿ. ಮೂರು ದನಿ ನುಡಿಸಿ, ನಾಲ್ಕನೆಯದನ್ನು ಹಾಡಿ. ಆಮೇಲೆ ದನಿ ಬದಲಿಸಿ. ದಿನಾ ಮಾಡಿ.

ದುಡ್ಡಿನ ವಿಷಯ. ವಿದ್ಯಾರ್ಥಿ ವೀಸಾಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದು ತಿಂಗಳಿಗೆ 992, ಜಾಸ್ತಿ ಏನೂ ಅಲ್ಲ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ಊರಲ್ಲಿ ಹೇಳುವುದು ಎಲ್ಲ ಕಡೆಗೂ ನಿಜವಲ್ಲ. ಲೈಪ್‌ಜಿಗ್ ಸಂಗೀತ ಶಾಲೆ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,800 ಯೂರೋ ತೆಗೆದುಕೊಳ್ಳುತ್ತೆ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 1,500. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಆದರೆ ಸ್ವಂತವಾಗಿ ಬಿಲ್ ಕೊಟ್ಟು ಪಿಯಾನೋ ನುಡಿಸುವುದಕ್ಕೆ ವಿದೇಶಿಯರ ಕಚೇರಿಯಿಂದ ಬೇರೆ ಅನುಮತಿ ಬೇಕು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು.

ಕೆಲಸ ಸಿಕ್ಕ ಮೇಲೆ? ರಂಗಮಂದಿರದ ಒಪ್ಪಂದದಲ್ಲಿ ಕನಿಷ್ಠ ಸಂಬಳ 2023ರಲ್ಲಿ ತಿಂಗಳಿಗೆ 2,715 ಯೂರೋ ಆಯಿತು. ತೆರಿಗೆ, ವಿಮೆ ಕಳೆದು ಕೈಗೆ ಬರುವುದು ಸುಮಾರು ಮೂರನೇ ಎರಡು ಭಾಗ. ಚಿಕ್ಕ ಊರಲ್ಲಿ ಬಾಡಿಗೆ ಕಡಿಮೆ, ಒಬ್ಬರಿಗೆ ಸಾಕು. ನನಗೆ ಸರಿ ಅನ್ನಿಸದ ಸಂಗತಿ ಎಂದರೆ ಭದ್ರತೆ. ವಾದ್ಯವೃಂದದಲ್ಲಿ ಕೂತವರಿಗೆ ಪರೀಕ್ಷಾ ವರ್ಷ ಮುಗಿದರೆ ಕೆಲಸ ಬಹುಮಟ್ಟಿಗೆ ಕಾಯಂ. ಅವರ ಮುಂದೆ ನಿಂತವರಿಗೆ ಒಂದು, ಎರಡು ವರ್ಷದ ಒಪ್ಪಂದ. ಮುಂದುವರಿಸುವುದಿಲ್ಲ ಎನ್ನುವುದಾದರೆ ಅಕ್ಟೋಬರ್ 31ರ ಒಳಗೆ ತಿಳಿಸುತ್ತಾರೆ. ಪ್ರತಿ ವರ್ಷ ಆ ತಿಂಗಳು ರಂಗಮಂದಿರದ ಕ್ಯಾಂಟೀನಿನಲ್ಲಿ ಮಾತು ಕಡಿಮೆ. ಮನೆ ಕೊಳ್ಳುವುದು, ಮದುವೆ, ಮಕ್ಕಳ ಶಾಲೆ ಎಲ್ಲವನ್ನೂ ಈ ಲೆಕ್ಕ ಇಟ್ಟುಕೊಂಡೇ ಯೋಚಿಸಬೇಕಾಗುತ್ತೆ.

ನಮ್ಮವರನ್ನು ಒಪ್ಪುತ್ತಾರಾ ಎಂದರೆ, ಒಪ್ಪುತ್ತಾರೆ. ಒಪೆರಾ ಹೌಸುಗಳ ಪಿಯಾನೋ ಕೋಣೆಗಳಲ್ಲಿ ಕೊರಿಯಾ, ಜಪಾನ್‌ನವರು ಬಹಳ ಇದ್ದಾರೆ. ಅವರು ಕಷ್ಟಪಟ್ಟು ಹಾಕಿದ ದಾರಿಯಲ್ಲಿ ನಾವು ನಡೆಯುತ್ತಿದ್ದೇವೆ. ಇಲ್ಲಿ ನಿಮ್ಮನ್ನು ಹೊರಗಿಡುವುದು ಬಣ್ಣಕ್ಕಿಂತ ಭಾಷೆ. ಇಂಗ್ಲಿಷ್ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಯಾಂಟೀನಿನ ಹರಟೆ ಅರ್ಥವಾಗುವಷ್ಟು ಜರ್ಮನ್ ಬೇಕು.

ಊರಲ್ಲಿ ಯಾರಾದರೂ "ನಮಗೂ ಈ ಸಂಗೀತಕ್ಕೂ ಏನು ಸಂಬಂಧ" ಅಂದರೆ ಜಯಚಾಮರಾಜ ಒಡೆಯರ್ ಹೆಸರು ಹೇಳಿ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ಆಯಿತು. ಕಂಡಕ್ಟರ್ ಫುರ್ಟ್‌ವೆಂಗ್ಲರ್, ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಅದಕ್ಕೆ ಹಣದ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಮಹಾರಾಜರು. ಮೈನಿಂಗನ್‌ನಲ್ಲಿ ಸಹಾಯಕನಾಗಿ ಶುರು ಮಾಡಿದ ಆ ಹುಡುಗನ ಕೊನೆಯ ಹಾಡುಗಳನ್ನು ಜಗತ್ತು ಕೇಳಿದ್ದು ಹಾಗೆ.

ದಿನಚರಿ ಹೀಗಿರುತ್ತೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ರಿಹರ್ಸಲ್, ಮತ್ತೆ ಸಂಜೆ ಆರು, ಏಳರಿಂದ ಹತ್ತರವರೆಗೆ. ನಡುವೆ ಮನೆಯಲ್ಲಿ ಅಡುಗೆ, ನಿದ್ದೆ. ಮಧ್ಯಾಹ್ನ ಎಷ್ಟೋ ಕಟ್ಟಡಗಳಲ್ಲಿ ಸದ್ದು ಮಾಡುವಂತಿಲ್ಲ, ಅಭ್ಯಾಸವನ್ನು ಶಾಲೆಯಲ್ಲೇ ಮುಗಿಸಿಕೊಳ್ಳಿ. ಶನಿವಾರ, ಭಾನುವಾರ ಕೆಲಸ ಜಾಸ್ತಿ. ಕನ್ನಡ ಸಂಘದವರು ಯುಗಾದಿ, ದೀಪಾವಳಿ ಇಟ್ಟುಕೊಳ್ಳುವುದು ವಾರಾಂತ್ಯಕ್ಕೇ, ಹಾಗಾಗಿ ನಮಗೆ ತಪ್ಪುವುದೇ ಜಾಸ್ತಿ. ಡಿಸೆಂಬರಿನಲ್ಲಿ ರಜೆ ಕೇಳುವ ಹಾಗೇ ಇಲ್ಲ. ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಅಂದರೆ ಆಷಾಢ. ಅಣ್ಣ, ತಂಗಿ, ಗೆಳೆಯರ ಮದುವೆಗಳೆಲ್ಲ ನಾವಿಲ್ಲದೆ ಆಗುತ್ತವೆ. ಇದು ನನಗೆ ಇವತ್ತಿಗೂ ನೋವು. ಅಪ್ಪ ಅಮ್ಮನಿಗೆ ಇದನ್ನು ಮೊದಲೇ ತಿಳಿಸಿ. ಶ್ರಾವಣದ ಮೊದಲ ದಿನಗಳು ಸಿಕ್ಕಿದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯಲ್ಲಿರಬಹುದು.

ಲೈಪ್‌ಜಿಗ್‌ನಲ್ಲಿ ಇದ್ದೀರಲ್ವಾ, ಅದನ್ನು ಬಳಸಿಕೊಳ್ಳಿ. ಗೆವಾಂಡ್‌ಹೌಸ್ ವಾದ್ಯವೃಂದ ತನ್ನ ಸಭಾಂಗಣದಲ್ಲೂ ನುಡಿಸುತ್ತೆ, ಒಪೆರಾದಲ್ಲೂ ನುಡಿಸುತ್ತೆ, ಸೇಂಟ್ ಥಾಮಸ್ ಚರ್ಚಿನಲ್ಲೂ ನುಡಿಸುತ್ತೆ. ಒಂದೇ ತಂಡ ಮೂರು ಜಾಗದಲ್ಲಿ ಹೇಗೆ ದನಿ ಬದಲಿಸುತ್ತೆ ಎಂದು ಕೇಳಿ. ಕಂಡಕ್ಟರ್ ಮುಖ ಕಾಣುವ ಕಡೆ ಸೀಟು ಹಿಡಿಯಿರಿ, ಪುಸ್ತಕ ತೊಡೆ ಮೇಲಿರಲಿ.

ಸೋಮವಾರ ನಮಗೆ ಸಾಮಾನ್ಯವಾಗಿ ಪ್ರದರ್ಶನ ಇರುವುದಿಲ್ಲ. ಯಾವುದಾದರೂ ಸೋಮವಾರ ರೈಲು ಹತ್ತಿ ಬನ್ನಿ. 'ಲಾ ಬೊಹೆಮ್' ಪುಸ್ತಕ ತನ್ನಿ, ಎರಡನೇ ಅಂಕ ನುಡಿಸಿಕೊಂಡು ಬನ್ನಿ. ನಾನು ಕೈಯಾಡಿಸುತ್ತೇನೆ, ನೀವು ನುಡಿಸುತ್ತಾ ಹಾಡಿ. ಆಮೇಲೆ ಜಾಗ ಬದಲಿಸೋಣ. ಊಟ ನಮ್ಮ ಮನೆಯಲ್ಲೇ.