ವಾಹನ ಸಲಹೆ: ಸೂಜಿ ಓಡಾಡುವ ಕಡೆ ಶಕ್ತಿಯಿರಲಿ

ಪ್ರಶ್ನೆ: ಆರು ವರ್ಷಗಳಿಂದ 200 ಸಿಸಿಯ ಬೈಕ್ ಓಡಿಸುತ್ತಿದ್ದೇನೆ. ಈಗ ಪರ್ಫಾರ್ಮೆನ್ಸ್ ಬೈಕ್ ಎನ್ನಿಸಿಕೊಳ್ಳುವಂಥದ್ದನ್ನು ಕೊಳ್ಳಲು ಹಣ ಕೂಡಿಸಿದ್ದೇನೆ. ಲೀಟರ್ ಬೈಕಿಗೆ, ಅಂದರೆ 1000 ಸಿಸಿಯದಕ್ಕೆ, ಅದು ಸಾಲದು. ಆದರೆ ಅದೇ ಹಣಕ್ಕೆ ಹತ್ತು ವರ್ಷ ಹಳೆಯ ಯಮಹಾ ಆರ್6 ಸಿಗುತ್ತದೆ, ಎರಡು ಸಿಲಿಂಡರಿನ ಹೊಸ ಯಮಹಾ ಎಂಟಿ-07 ಕೂಡ ಸಿಗುತ್ತದೆ. ಮೊದಲನೆಯದಕ್ಕೆ ಸುಮಾರು 120 ಅಶ್ವಶಕ್ತಿ, ಎರಡನೆಯದಕ್ಕೆ ಸುಮಾರು 73. ವಾರವಿಡೀ ಕೆಲಸಕ್ಕೆ ಹೋಗಿಬರಬೇಕು, ರಜೆಯಲ್ಲಿ ಬೆಟ್ಟದ ತಿರುವುಗಳಲ್ಲಿ ಓಡಿಸುವ ಆಸೆ. ಗೆಳೆಯರೆಲ್ಲರೂ ಆರ್6 ಕಡೆಗೇ ಬೆರಳು ತೋರಿಸುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ನೀವು ಬರೆದಿರುವ ಎರಡು ಅಂಕಿಗಳೂ ಸರಿಯಾಗಿವೆ. ಆದರೆ ಆ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳಲ್ಲಿ) ಸಿಗುತ್ತದೆ ಎಂಬ ಮೂರನೆಯ ಅಂಕಿಯನ್ನು ನಿಮ್ಮ ಗೆಳೆಯರು ಹೇಳಿದಂತಿಲ್ಲ. ಆರ್6 ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ಎಂಜಿನ್ 14,500 ಆರ್‌ಪಿಎಂ ಆಸುಪಾಸಿನಲ್ಲಿ ಚೀರುತ್ತಿರುವಾಗ; ಅದರ ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಚುವ ಬಲ), ಅಂದರೆ ಮಾದರಿಯ ವರ್ಷಕ್ಕೆ ತಕ್ಕಂತೆ ಸುಮಾರು 62ರಿಂದ 66 ನ್ಯೂಟನ್ ಮೀಟರ್, ಕೈಗೆ ಬರುವುದೂ 10,500ರ ಹತ್ತಿರವೇ. ಎಂಟಿ-07ರ 689 ಸಿಸಿ ಎಂಜಿನ್ 6,500 ಆರ್‌ಪಿಎಂನಲ್ಲಿಯೇ ಸುಮಾರು 67 ನ್ಯೂಟನ್ ಮೀಟರ್ ಕೊಡುತ್ತದೆ. ಶಕ್ತಿಯೆಂದರೆ ಟಾರ್ಕನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿದ ಫಲವಾದ್ದರಿಂದ, ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದರೆ ಆ ಹಂತದಲ್ಲಿ ಎಂಟಿ-07 ತನ್ನ 73 ಅಶ್ವಶಕ್ತಿಯಲ್ಲಿ ಸುಮಾರು 62ನ್ನು ಆಗಲೇ ಕೊಟ್ಟಿರುತ್ತದೆ. ಅದೇ 6,500ರಲ್ಲಿ ಆರ್6 ಇನ್ನೂ ನಿದ್ದೆಯಿಂದ ಏಳುತ್ತಿರುತ್ತದೆ.

ಇದು ಎಂಜಿನಿಯರುಗಳ ಜಾಣ್ಮೆ ಅಥವಾ ದಡ್ಡತನದ ಮಾತಲ್ಲ, ಅಳತೆಯ ಮಾತು. ಆರ್6ರ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 42.5 ಮಿಲಿಮೀಟರ್, ಎಂಟಿ-07ರದು 68.6 ಮಿಲಿಮೀಟರ್. ಎರಡೂ ತಮ್ಮ ಗರಿಷ್ಠ ಶಕ್ತಿಯ ಹಂತದಲ್ಲಿರುವಾಗ ಪಿಸ್ಟನ್ನಿನ ಸರಾಸರಿ ವೇಗವನ್ನು ಲೆಕ್ಕ ಹಾಕಿ ನೋಡಿ: ಎರಡರಲ್ಲೂ ಸೆಕೆಂಡಿಗೆ ಸುಮಾರು 20 ಮೀಟರ್ ಬರುತ್ತದೆ. ಲೋಹ ಸಹಿಸಬಲ್ಲ ಶ್ರಮವನ್ನು ಒಂದು ಎಂಜಿನ್ ಗಿಡ್ಡ ಹೆಜ್ಜೆಗಳ ಓಟವಾಗಿ, ಇನ್ನೊಂದು ಉದ್ದ ಹೆಜ್ಜೆಗಳ ನಡಿಗೆಯಾಗಿ ಖರ್ಚು ಮಾಡುತ್ತಿದೆ, ಅಷ್ಟೆ. ಪ್ರಶ್ನೆಯಿರುವುದು ನಿಮ್ಮ ಟ್ಯಾಕೋಮೀಟರಿನ ಸೂಜಿ ದಿನದ ಬಹುಪಾಲು ಎಲ್ಲಿ ಓಡಾಡುತ್ತದೆ ಎಂಬುದರಲ್ಲಿ. ಕೆಲಸಕ್ಕೆ ಹೋಗಿಬರುವವರ ಸೂಜಿ ಮೂರು ಸಾವಿರದಿಂದ ಏಳು ಸಾವಿರದ ನಡುವೆ ಇರುತ್ತದೆ. ಬೆಟ್ಟದ ತಿರುವಿನಿಂದ ಹೊರಬರುವಾಗಲೂ, ಗೇರ್ ಇಳಿಸಲು ಮನಸ್ಸಾಗದೆ ಆಕ್ಸಿಲರೇಟರ್ ತಿರುವುವ ಘಳಿಗೆಯಲ್ಲೂ, ಅದು ಅಲ್ಲಿಯೇ ಇರುತ್ತದೆ. ಆರ್6 ಮೊದಲ ಗೇರಿನಲ್ಲಿಯೇ ಗಂಟೆಗೆ 100 ಕಿಲೋಮೀಟರ್ ದಾಟಬಲ್ಲ ಯಂತ್ರ. ಅದರ ಪೂರ್ಣ ಶಕ್ತಿಯನ್ನು ಒಮ್ಮೆ ಅನುಭವಿಸಬೇಕೆಂದರೂ, ಎರಡನೆಯ ಗೇರಿಗೆ ಹೋಗುವ ಮೊದಲೇ ಹೆಚ್ಚಿನ ರಸ್ತೆಗಳ ವೇಗಮಿತಿಯನ್ನು ಮುರಿದಿರುತ್ತೀರಿ. ನಿಮ್ಮ ಓಡಾಟ ರೇಸ್ ಟ್ರ್ಯಾಕಿನಲ್ಲಾಗಿದ್ದರೆ ನಾನು ಎರಡು ಮಾತಿಲ್ಲದೆ ಆರ್6 ಎನ್ನುತ್ತಿದ್ದೆ, ಏಕೆಂದರೆ ಅಲ್ಲಿ ಸೂಜಿಯನ್ನು ಹತ್ತು ಸಾವಿರದ ಮೇಲೆ ಹಿಡಿದಿಡುವುದೇ ಸವಾರನ ಕೆಲಸ. ನೀವು ಬರೆದ ಬಳಕೆಗೆ ನನ್ನ ಮತ ಎರಡು ಸಿಲಿಂಡರಿಗೆ.

ಈ ವರ್ಗದಲ್ಲಿ ಎಂಟಿ-07 ಒಂದೇ ಇಲ್ಲ ಎಂಬುದನ್ನೂ ಹೇಳಬೇಕು. 1999ರಿಂದ ಬಂದಿರುವ ಸುಜುಕಿ ಎಸ್‌ವಿ650ರ 90 ಡಿಗ್ರಿ ವಿ-ಟ್ವಿನ್ (ಎರಡು ಸಿಲಿಂಡರುಗಳು V ಆಕಾರದಲ್ಲಿರುವ) ಎಂಜಿನ್ ಹಳೆಯದಾದರೂ ನಂಬಿಕೆಗೆ ಹೆಸರಾದದ್ದು. ಸುಜುಕಿಯ ಜಿಎಸ್‌ಎಕ್ಸ್-8ಎಸ್ (776 ಸಿಸಿ) ಮತ್ತು ಹೋಂಡಾದ ಸಿಬಿ750 ಹಾರ್ನೆಟ್ (755 ಸಿಸಿ) ಎರಡೂ 2023ರಲ್ಲಿ ರಸ್ತೆಗಿಳಿದವು. ಕಾಗದದ ಮೇಲೆ ಹಾರ್ನೆಟ್ 92 ಅಶ್ವಶಕ್ತಿಯೊಂದಿಗೆ ಮುಂದಿದೆ, 8ಎಸ್‌ನದು 83 ಮಾತ್ರ. ಟಾರ್ಕಿನ ಸಾಲಿಗೆ ಬಂದರೆ ಕ್ರಮ ತಿರುಗುತ್ತದೆ: 8ಎಸ್‌ಗೆ 78 ನ್ಯೂಟನ್ ಮೀಟರ್, ಹಾರ್ನೆಟ್‌ಗೆ 75, ಅದೂ 8ಎಸ್‌ನದು ಕೆಳಗಿನ ಆರ್‌ಪಿಎಂನಲ್ಲಿ. ಆದರೆ ಹಾರ್ನೆಟ್ ಸುಮಾರು 190 ಕಿಲೋ, 8ಎಸ್ ಸುಮಾರು 202 ಕಿಲೋ ತೂಗುತ್ತವೆ. ಹೀಗೆ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುವ ವರ್ಗವಿದು. ಕೊಂಚ ಹೆಚ್ಚು ಹಣ ಹೊಂದಿಸಬಲ್ಲವರಿಗೆ ಮೂರು ಸಿಲಿಂಡರಿನ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ ಇದೆ. ಕೆಳಗಿನ ಎಳೆತ ಮತ್ತು ಮೇಲಿನ ಚೀರಾಟ ಎರಡನ್ನೂ ಒಂದೇ ಎಂಜಿನ್ನಿನಲ್ಲಿ ಬಯಸುವವರಿಗೆ ಅದಕ್ಕಿಂತ ಒಳ್ಳೆಯ ರಾಜಿ ನನಗೆ ಕಂಡಿಲ್ಲ. ಅದರ 765 ಸಿಸಿ ಎಂಜಿನ್ನಿನ ಮೇಲೆಯೇ 2019ರಿಂದ ಮೋಟೋ2 (ಮೋಟೋಜಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ವಿಶ್ವ ದರ್ಜೆಯ) ರೇಸುಗಳೆಲ್ಲ ನಡೆಯುತ್ತಿವೆ.

ಮಧ್ಯಮ ಬೆಲೆಯ ಬೈಕ್ ಎಲ್ಲಿ ಹಣ ಉಳಿಸಿರುತ್ತದೆ ಎಂಬುದನ್ನು ತಿಳಿದುಕೊಂಡೇ ಕೊಳ್ಳಬೇಕು. ಎಂಜಿನ್ ಚೆನ್ನಾಗಿರುತ್ತದೆ, ಸಸ್ಪೆನ್ಷನ್ ಸಾಧಾರಣವಾಗಿರುತ್ತದೆ. ಮುಂದಿನ ಫೋರ್ಕಿಗೆ ಹೊಂದಾಣಿಕೆಯ ಸ್ಕ್ರೂಗಳೇ ಇಲ್ಲದಿರಬಹುದು, ಹಿಂದಿನದಕ್ಕೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಬಿಗಿಯುವ ಹೊಂದಾಣಿಕೆ) ಒಂದೇ ಇರಬಹುದು, ಸ್ಪ್ರಿಂಗುಗಳು ಸರಾಸರಿ ತೂಕದ ಯಾರೋ ಒಬ್ಬರಿಗಾಗಿ ಮಾಡಿದವು. ಕೊಂಡ ಮೊದಲ ವಾರದಲ್ಲಿಯೇ ಇಬ್ಬರ ಸಹಾಯ ಪಡೆದು, ನೀವು ಪೂರ್ತಿ ಸವಾರಿ ಉಡುಪಿನಲ್ಲಿ ಕುಳಿತಾಗ ಸಸ್ಪೆನ್ಷನ್ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಟೇಪಿನಿಂದ ಅಳೆಯಿರಿ. ರಸ್ತೆಯ ಬಳಕೆಗೆ ಒಟ್ಟು ಚಲನೆಯ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದವರೆಗೆ, ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್, ಇಳಿದರೆ ಸರಿ. ಅದಕ್ಕಿಂತ ತುಂಬ ಹೆಚ್ಚು ಇಳಿದು, ಪ್ರಿಲೋಡ್ ಬಿಗಿದರೂ ಸರಿಹೋಗದಿದ್ದರೆ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿಕೊಳ್ಳಬೇಕು. ಒಳ್ಳೆಯ ಒಂದು ಜೊತೆ ಟಯರ್ ಮತ್ತು ತಕ್ಕ ಸ್ಪ್ರಿಂಗ್ ಹಾಕಿದ 73 ಅಶ್ವಶಕ್ತಿಯ ಬೈಕ್, ತಿರುವುಗಳ ರಸ್ತೆಯಲ್ಲಿ ಸವೆದ ಟಯರಿನ 120 ಅಶ್ವಶಕ್ತಿಯ ಬೈಕನ್ನು ನಾಚಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಕೈಯಲ್ಲಿರುವ ಹಣದ ಐದನೆಯ ಒಂದು ಭಾಗವನ್ನು ಬೈಕಿಗೆ ಹಾಕಲೇಬೇಡಿ. ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟು, ವಿಮೆ, ಟಯರ್ ಇವುಗಳಿಗೆ ಅದು ಮೀಸಲಾಗಿರಲಿ. ಹತ್ತು ವರ್ಷದ ಆರ್6 ಕೊಂಡಿದ್ದರೆ ಈ ಮೀಸಲು ಹಣದ ದೊಡ್ಡ ಪಾಲನ್ನು ಹದಿನಾರು ವಾಲ್ವುಗಳ ತಪಾಸಣೆ ಮತ್ತು ಹಳೆಯ ಫೋರ್ಕಿನ ಸೀಲುಗಳು ನುಂಗಿಬಿಡುತ್ತಿದ್ದವು.

ಪ್ರಶ್ನೆ: ಒಂದೇ ಬೈಕಿನ ಎರಡು ಮಾದರಿಗಳಲ್ಲಿ ದುಬಾರಿಯದಕ್ಕೆ ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವುದು), ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸಾಧನ) ಇವೆ, ಅಗ್ಗದ್ದಕ್ಕೆ ಸಾಮಾನ್ಯ ಎಬಿಎಸ್ ಮಾತ್ರ. ವ್ಯತ್ಯಾಸದ ಹಣ ಕೊಡುವುದು ಸರಿಯೇ?

ಉತ್ತರ: ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಪೂರ್ಣ ಬಲದಿಂದ ಬ್ರೇಕ್ ಹಾಕಿದರೆ ನಿಲ್ಲಲು ಸುಮಾರು 45 ಮೀಟರ್ ಬೇಕು. ಚಕ್ರ ಲಾಕ್ ಆದೀತೆಂದು ಹೆದರಿ ಅರ್ಧ ಬಲವನ್ನಷ್ಟೇ ಬಳಸಿದರೆ ಆ ದೂರ ಇಮ್ಮಡಿಯಾಗುತ್ತದೆ. ಎಬಿಎಸ್ ಕೊಡುವುದು ಆ ಹೆದರಿಕೆಯಿಂದ ಬಿಡುಗಡೆಯನ್ನು. 1988ರಲ್ಲಿ ಬಿಎಂಡಬ್ಲ್ಯು ಕೆ100 ಮೂಲಕ ಇದು ಬೈಕುಗಳಿಗೆ ಬಂದಾಗ ಹಳಬರು ಮೂಗು ಮುರಿದರು. ಇಂದು ಇದಿಲ್ಲದ ವೇಗದ ಬೈಕನ್ನು ನಾನು ಯಾರಿಗೂ ಹೇಳಲಾರೆ.

ಆದರೆ ಸಾಮಾನ್ಯ ಎಬಿಎಸ್‌ಗೆ ಬೈಕ್ ಎಷ್ಟು ವಾಲಿದೆ ಎಂಬುದು ತಿಳಿಯುವುದಿಲ್ಲ. ವಾಲಿದಾಗ ಟಯರಿನ ಹಿಡಿತದ ದೊಡ್ಡ ಪಾಲು ತಿರುಗಲಿಕ್ಕೇ ಖರ್ಚಾಗುತ್ತಿದ್ದು, ಬ್ರೇಕಿಗೆ ಉಳಿಯುವುದು ಕಡಿಮೆ. ವಾಲಿಕೆಯನ್ನು ಅಳೆಯುವ ಸಂವೇದಕದ ನೆರವಿನಿಂದ ಬ್ರೇಕ್ ಒತ್ತಡವನ್ನು ಅದಕ್ಕೆ ತಕ್ಕಂತೆ ಮೆಲ್ಲಗೆ ಏರಿಸುವ ವ್ಯವಸ್ಥೆ 2013ರ ಕೊನೆಯ ಹೊತ್ತಿಗೆ ಕೆಟಿಎಂ 1190 ಅಡ್ವೆಂಚರ್‌ನಲ್ಲಿ ಬಂದು, ಈಗ ಮಧ್ಯಮ ವರ್ಗಕ್ಕೂ ಇಳಿದಿದೆ. ನೀವು ತಿರುವುಗಳ ರಸ್ತೆಯಲ್ಲಿ ಓಡಿಸುವವರಾದರೆ ಇದಕ್ಕೆ ಹಣ ಕೊಡಿ. ಟ್ರ್ಯಾಕ್ಷನ್ ಕಂಟ್ರೋಲ್ ಮಳೆಯಲ್ಲಿ, ಉದುರು ಜಲ್ಲಿಯ ಮೇಲೆ ಉಪಕಾರಿ. ಒಣ ರಸ್ತೆಯಲ್ಲಿ 75 ಅಶ್ವಶಕ್ತಿಯ ಬೈಕಿನಲ್ಲಿ ಅದರ ದೀಪ ಮಿನುಗುವುದೇ ಅಪರೂಪ. ಕ್ವಿಕ್‌ಶಿಫ್ಟರ್ ಖುಷಿಯ ವಸ್ತು, ಅವಶ್ಯಕತೆಯಲ್ಲ. ಬೇಕೆನಿಸಿದರೆ ಹಲವು ಬೈಕುಗಳಿಗೆ ಆಮೇಲೆಯೂ ಹಾಕಿಸಬಹುದು. ವಾಲಿಕೆ ಗುರುತಿಸುವ ಎಬಿಎಸ್ ಅನ್ನು ಸಾಮಾನ್ಯವಾಗಿ ಆಮೇಲೆ ಹಾಕಿಸಲು ಬರುವುದಿಲ್ಲ.

ಪ್ರಶ್ನೆ: ನನ್ನ ಎತ್ತರ ಕಡಿಮೆ. ಸೀಟು 805 ಮಿಲಿಮೀಟರ್ ಇರುವ ಬೈಕ್ ನನಗಾಗದು ಎನ್ನುತ್ತಾರೆ. ನಿಜವೇ?

ಉತ್ತರ: ಆ ಅಂಕಿಯೊಂದರಿಂದ ಏನೂ ತೀರ್ಮಾನವಾಗುವುದಿಲ್ಲ. ಸೀಟಿನ ಮುಂಭಾಗ ಎಷ್ಟು ಅಗಲವಿದೆ ಎಂಬುದೂ ಕಾಲು ನೆಲಕ್ಕೆ ತಾಗುವುದನ್ನು ನಿರ್ಧರಿಸುತ್ತದೆ. ಸಪೂರವಾದ 805 ಮಿಲಿಮೀಟರಿನ ಎರಡು ಸಿಲಿಂಡರ್ ಬೈಕಿನ ಮೇಲೆ ಸಲೀಸಾಗಿ ಕೂರುವವರು ಅಗಲವಾದ 790 ಮಿಲಿಮೀಟರಿನ ನಾಲ್ಕು ಸಿಲಿಂಡರ್ ಬೈಕಿನ ಮೇಲೆ ಒದ್ದಾಡಬಹುದು. ಸವಾರಿಯ ಬೂಟು ಹಾಕಿಕೊಂಡು ಹೋಗಿ ಕುಳಿತು ನೋಡಿ. ಒಂದು ಪಾದ ಪೂರ್ತಿ ಊರಿದರೆ ಸಾಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ನೋಡಲು ಹೋಗುತ್ತಿದ್ದೇನೆ. ಮೆಕ್ಯಾನಿಕ್ ಜೊತೆಗಿರುವುದಿಲ್ಲ. ಬಿದ್ದ ಬೈಕನ್ನು ಗುರುತಿಸುವುದು ಹೇಗೆ?

ಉತ್ತರ: ಹೊರಡುವ ಮುನ್ನವೇ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ತಿಳಿಸಿ, ತಲುಪಿದ ಕೂಡಲೇ ಎಂಜಿನ್ ಕವರನ್ನು ಕೈಯಿಂದ ಮುಟ್ಟಿ ನೋಡಿ. ನಾನೊಮ್ಮೆ ಬೆಚ್ಚಗಿದ್ದ ಬೈಕನ್ನು ‘ಈಗಷ್ಟೇ ಪೆಟ್ರೋಲ್ ಹಾಕಿಸಿ ಬಂದೆ’ ಎಂಬ ಮಾತು ನಂಬಿ ಕೊಂಡಿದ್ದೆ. ತಣ್ಣಗಿರುವಾಗ ಅದರ ಕ್ಯಾಮ್ ಚೈನ್ (ಎಂಜಿನ್ನಿನೊಳಗೆ ವಾಲ್ವುಗಳನ್ನು ಓಡಿಸುವ ಚೈನ್) ಮಾಡುತ್ತಿದ್ದ ಸದ್ದನ್ನು ಮರುದಿನ ಮುಂಜಾನೆ ಅಕ್ಕಪಕ್ಕದವರೂ ಕೇಳಿದರು.

ಬಣ್ಣ, ಫೇರಿಂಗ್ ನೋಡುತ್ತ ಕಾಲ ಕಳೆಯಬೇಡಿ, ಅವನ್ನು ಬದಲಿಸುವುದು ಸುಲಭ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆದು ನಿಲ್ಲಿಸುವ ಲೋಹದ ಗಂಟೊಂದು ಫ್ರೇಮಿನ ಮುಂಭಾಗದಲ್ಲಿರುತ್ತದೆ. ಅದು ಜಜ್ಜಿದ್ದರೆ ಅಥವಾ ಅದರ ಬಣ್ಣ ಸಿಡಿದಿದ್ದರೆ ಬೈಕ್ ಜೋರಾಗಿಯೇ ಬಿದ್ದಿರುವ ಸಂಭವವಿದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ: ನೇರ ಸ್ಥಾನದಲ್ಲಿ ಗುಳಿಗೆ ಬಿದ್ದಂತೆ ತಡೆದರೆ ಬೇರಿಂಗ್ ಹೋಗಿದೆ. ಬೋಲ್ಟುಗಳ ತಲೆಯಲ್ಲಿ ಸಣ್ಣ ತೂತುಗಳು ಕಂಡರೆ ಅವು ರೇಸ್ ಟ್ರ್ಯಾಕಿನಲ್ಲಿ ತಂತಿ ಕಟ್ಟಲು ಕೊರೆದವು. ಅದೊಂದೇ ಕಾರಣಕ್ಕೆ ಬೈಕ್ ಬಿಡಬೇಕಿಲ್ಲ, ಟ್ರ್ಯಾಕಿನವರು ಆಯಿಲನ್ನು ತಪ್ಪದೆ ಬದಲಿಸುತ್ತಾರೆ, ಆದರೆ ಅದನ್ನು ಮುಚ್ಚಿಟ್ಟವರ ಉಳಿದ ಮಾತುಗಳನ್ನೂ ಅನುಮಾನಿಸಿ. ಟಯರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗೀರು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಿ ವಾಲಬಾರದು, ಹೊಸ ಜೊತೆಯ ಬೆಲೆಯನ್ನು ವ್ಯಾಪಾರದಲ್ಲಿ ಕಳೆಯಿರಿ. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮೀಟರ್ ಹಿಡಿದು 13.5ರಿಂದ 14.5 ವೋಲ್ಟ್ ಬರುವುದನ್ನೂ ಖಚಿತಪಡಿಸಿಕೊಳ್ಳಿ. ಓಡಿದ ಕಿಲೋಮೀಟರ್ ಕಡಿಮೆಯಿದ್ದು ಫುಟ್‌ರೆಸ್ಟಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರಿಗಿಂತ ರಬ್ಬರನ್ನು ನಂಬಿ.

ಪ್ರಶ್ನೆ: ಎರಡು ಸಿಲಿಂಡರಿನ ಬೈಕಿಗೆ ಸೈಲೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಉತ್ತರ: ಸದ್ದು ಹೆಚ್ಚುತ್ತದೆ. ಪೂರ್ತಿ ಎಕ್ಸಾಸ್ಟ್ ಹಾಕಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದರೂ ಇಂಥ ಎಂಜಿನ್ನಿನಲ್ಲಿ ಸಿಗುವುದು ಕೆಲವೇ ಅಶ್ವಶಕ್ತಿ, ಅದೂ ಹೆಚ್ಚಾಗಿ ಮೇಲಿನ ಆರ್‌ಪಿಎಂನಲ್ಲಿ; ವಾರಂಟಿಯನ್ನೂ ಹೊಗೆ ಮತ್ತು ಸದ್ದಿನ ನಿಯಮಗಳನ್ನೂ ಅದಕ್ಕಾಗಿ ಪಣಕ್ಕಿಡಬೇಕು. ಪಿಕಪ್ಪೇ ಬೇಕೆಂದರೆ ಚೈನ್ ತಿರುಗಿಸುವ ಹಲ್ಲುಚಕ್ರವಾದ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿ. 16 ಹಲ್ಲಿನದರ ಬದಲು 15 ಹಲ್ಲಿನದು ಹಾಕಿದರೆ ಪ್ರತಿ ಗೇರಿನಲ್ಲಿಯೂ ಹಿಂದಿನ ಚಕ್ರಕ್ಕೆ ಸುಮಾರು ಶೇಕಡ 6.7ರಷ್ಟು ಹೆಚ್ಚು ಎಳೆತ ಸಿಗುತ್ತದೆ. ಅದೇ ವೇಗದಲ್ಲಿ ಸೂಜಿ ಅಷ್ಟೇ ಪ್ರಮಾಣದಲ್ಲಿ ಮೇಲಿರುವುದರಿಂದ ಹೆದ್ದಾರಿಯಲ್ಲಿ ಪೆಟ್ರೋಲ್ ತುಸು ಹೆಚ್ಚು ಕುಡಿಯುತ್ತದೆ. ವೇಗವನ್ನು ಗೇರ್‌ಬಾಕ್ಸಿನಿಂದ ಅಳೆಯುವ ಬೈಕಾಗಿದ್ದರೆ ಸ್ಪೀಡೋಮೀಟರ್ ಕೂಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಚೈನ್ ಸವೆದಿದ್ದರೆ ಅದನ್ನೂ ಅದೇ ದಿನ ಬದಲಿಸಿ, ಹಳೆಯ ಚೈನ್ ಹೊಸ ಹಲ್ಲುಗಳನ್ನು ಬೇಗ ತಿಂದುಹಾಕುತ್ತದೆ.