ಅದೆಲಾನ ಕಿಟಕಿ ಹತ್ರ ನಿಲ್ಲಿಸಬೇಡಿ

ನಮಸ್ಕಾರ. ನಿಮ್ಮ ಅದೆಲಾ ಕಥೆ ಎರಡು ಸಲ ಓದ್ದೆ. ಭಾಷೆ ಚೆನ್ನಾಗಿದೆ, ಜೆರುಸಲೇಮ್ ಗೆಲ್ಲೋಕೆ ಯುರೋಪಿನ ಕ್ರೈಸ್ತರು ಹೊರಟ ಯುದ್ಧಕ್ಕೆ, ಅಂದ್ರೆ ಕ್ರುಸೇಡಿಗೆ ಹೋದವರನ್ನ ಬಿಟ್ಟು ಮನೇಲಿ ಉಳಿದವಳನ್ನ ಆರಿಸ್ಕೊಂಡಿದ್ದು ಖುಷಿಯಾಯ್ತು. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ, ಯಾಕೆ ಅಂತ ಬಿಡಿಸಿ ಹೇಳ್ತೀನಿ.

'ಕಿಟಕಿಗೆ ಒರಗಿ ಅವನ ದಾರಿ ನೋಡುತ್ತಾ ನಿಂತಳು' ಅಂತ ಶುರು ಮಾಡಿದೀರಿ. ಮೂರನೇ ಪುಟದಲ್ಲಿ ಮತ್ತೆ ಕಿಟಕಿ, ಐದರಲ್ಲಿ ಕಿಟಕಿ ಜೊತೆ ಕಣ್ಣೀರು. ಇಂಗ್ಲೆಂಡ್ ಗೆದ್ದ ವಿಲಿಯಮ್‌ನ ಮಗಳು ರೀ ಅವಳು! 1096ರಲ್ಲಿ ಗಂಡ ಸ್ಟೀಫನ್ ಕ್ರುಸೇಡಿಗೆ ಹೊರಟಾಗ ಫ್ರಾನ್ಸಿನ ಬ್ಲ್ವಾ, ಶಾರ್ತ್ರ್, ಮೋ ಸೀಮೆಗಳ ಆಡಳಿತ ಅವಳ ಕೈಗೆ ಬಂತು, ಮಠಗಳ ವ್ಯಾಜ್ಯ ತೀರಿಸ್ಬೇಕು, ದಾನಪತ್ರಕ್ಕೆ ಒಪ್ಪಿಗೆ ಕೊಡ್ಬೇಕು, ಮಕ್ಕಳು ಬೇರೆ. ಇದ್ಯಾವುದೂ ನಿಮ್ಮ ಕಥೇಲಿ ಇಲ್ಲ.

ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಇಷ್ಟು ಚುಚ್ತಿರೋದು. ವಾರಪತ್ರಿಕೆಯೊಂದರಲ್ಲಿ ಪ್ರೂಫ್ ನೋಡ್ತಿದ್ದಾಗ ಮೊದಲ ಕಥೆ ಬರೆದೆ, ಗಂಡ ಬೊಂಬಾಯಿ ಹೋಟ್ಲಿಗೆ ದುಡಿಯೋಕೆ ಹೋದ, ಹೆಂಡ್ತಿ ಜಗಲೀಲಿ ಕೂತು ಅತ್ಲು. ನಮ್ಮ ಸಂಪಾದಕರು ಅಂಚಲ್ಲಿ ಕೆಂಪು ಇಂಕಲ್ಲಿ 'ಹಸು ಕರೆದವರು ಯಾರು?' ಅಂತಷ್ಟೇ ಬರೆದು ವಾಪಸ್ ಕೊಟ್ರು. ಎರಡು ದಿನ ಸಿಟ್ಟಲ್ಲಿದ್ದೆ. ಆಮೇಲೆ ಊರಿಗೆ ಹೋಗಿ ಅಜ್ಜೀನ ಕೇಳಿದೆ, ಅಜ್ಜನೂ ಹಾಗೇ ಹೋಗಿದ್ದವರು. ಅಜ್ಜಿ ಹೇಳಿದ್ದೆಲ್ಲ ಆ ವರ್ಷ ಗೇಣಿಗೆ ಎಷ್ಟು ಮುಡಿ ಅಕ್ಕಿ ಅಳೆದ್ರು, ಧಣಿ ಕಡೆಯವ್ರ ಜೊತೆ ಹೆಂಗೆ ಮಾತಾಡಿದ್ರು ಅನ್ನೋದೇ. ಕಥೆ ಪೂರ್ತಿ ಹರಿದು ಮತ್ತೆ ಬರೆದೆ.

ಇನ್ನು 'ಅವನ ಓಲೆಯ ತುಂಬ ಒಲವೇ ಇತ್ತು' ಅನ್ನೋ ಸಾಲು. ಸ್ಟೀಫನ್ ಅವಳಿಗೆ ಬರೆಸಿದ ಎರಡು ಪತ್ರ ಇವತ್ತಿಗೂ ಉಳಿದಿವೆ, ನೀವು ಯಾಕೆ ಹೊಸದು ಕಟ್ಟಿದ್ರಿ? 1097ರಲ್ಲಿ ಈಗಿನ ಟರ್ಕಿಯ ನೈಸಿಯಾದಿಂದ ಬರೆಸಿದ್ದರಲ್ಲಿ, ದಾರೀಲಿರೋ ಆಂಟಿಯೋಕ್ ಪಟ್ಟಣ ಅಡ್ಡ ನಿಲ್ಲದಿದ್ರೆ ಐದು ವಾರದಲ್ಲಿ ಜೆರುಸಲೇಮ್ ಸೇರ್ತೀವಿ ಅಂತಾನೆ. ಸೈನ್ಯ ಅಲ್ಲಿ ಮುಟ್ಟೋಕೆ ಎರಡು ವರ್ಷ ಹಿಡೀತು. ಮುಂದಿನ ವರ್ಷದ ಪತ್ರದಲ್ಲಿ, ಹೊರಟಾಗ ಇದ್ದದ್ದಕ್ಕಿಂತ ಎರಡರಷ್ಟು ಚಿನ್ನ ಬೆಳ್ಳಿ ಈಗ ನನ್ಹತ್ರ ಇದೆ ಅಂತಾನೆ, ಸೀಮೇನ ಚೆನ್ನಾಗಿ ನೋಡ್ಕೋ, ಮಕ್ಕಳನ್ನ, ನಮ್ಮ ಜನಾನ ಗೌರವದಿಂದ ನಡೆಸ್ಕೋ ಅಂತಾನೆ. ಓದಿ ಕೆಳಗಿಟ್ಟು ಅವಳು ಎದ್ದು ಯಾವ ಕೆಲಸಕ್ಕೆ ಹೋದ್ಲು? ಅದು ಬರೀರಿ.

ಕೊನೇದು, ನನಗೆ ಬಹಳ ಬೇಜಾರಾಗಿದ್ದು: 'ಮತ್ತೆ ವಿಧಿ ಅವನನ್ನು ಕರೆಯಿತು.' ವಿಧಿ ಅಲ್ಲ, ಹೆಂಡ್ತಿ! ಆ ಪತ್ರ ಬರೆಸಿ ಮೂರು ತಿಂಗಳಾಗೋದ್ರೊಳಗೆ, 1098ರ ಜೂನ್‌ನಲ್ಲಿ, ಮುತ್ತಿಗೆ ಹಾಕಿದ್ದ ಆಂಟಿಯೋಕ್ ಕ್ರುಸೇಡಿನವರ ಕೈಗೆ ಸಿಗೋ ಹಿಂದಿನ ದಿನ ಅವನು ಪಾಳೆಯ ಬಿಟ್ಟು ಹೊರಟ. ಮನೆಗೆ ಬಂದವನನ್ನ ಮತ್ತೆ ಹೋಗು ಅಂತ ಬೆನ್ನು ಹತ್ತಿದ್ದು ಅದೆಲಾನೇ ಅಂತ ಆ ಕಾಲದ ಚರಿತ್ರೆ ಬರೆದ ಆರ್ಡೆರಿಕ್ ಅನ್ನೋ ಸನ್ಯಾಸಿ ಬರೀತಾನೆ. ಹೋದ, 1102ರಲ್ಲಿ ಜೆರುಸಲೇಮ್ ಹತ್ರದ ರಾಮ್ಲಾದಲ್ಲಿ ಸತ್ತ. ಅದಾದ್ಮೇಲೂ ಹತ್ತಿರಹತ್ತಿರ ಇಪ್ಪತ್ತು ವರ್ಷ ಸೀಮೆ ನಡೆಸಿದ್ದು ಅವಳು.

ಗಂಡ ಓಡಿ ಬಂದ ಅನ್ನೋ ಸುದ್ದಿ ಊರೆಲ್ಲ ಇರೋವಾಗ ಅವನ ಎದುರು ಕೂತು ಏನಂದ್ಲು, ಹೆಂಗಂದ್ಲು? ನಿಮ್ಮ ಕಥೆ ಅಲ್ಲಿದೆ, ಅದನ್ನ ಒಂದೇ ಸಾಲಲ್ಲಿ ದಾಟಿಬಿಟ್ಟಿದೀರಿ. ಆ ಭಾಗ ಬರೆದು ಕಳಿಸಿ, ನಾನೇ ಕೂತು ಓದ್ತೀನಿ.